ಮೂರನೇ ಸುತ್ತಿನಲ್ಲಿ ಕಂಡದ್ದು

ಇಂಡಿ ಊರಿನ ಪಂದ್ಯಕ್ಕೆ ಹೋಗುವ ಹೊತ್ತಿಗೆ ನಾನು ಯಾರ ಕೈಯಲ್ಲೂ ಸರಿಯಾಗಿ ಏಟು ತಿಂದಿರಲಿಲ್ಲ. ಬಾಗೇವಾಡಿಯಲ್ಲಿ ಒಬ್ಬನನ್ನು, ಸಿಂದಗಿಯಲ್ಲಿ ಇಬ್ಬರನ್ನು ಕೆಡವಿದ್ದೆ. ಮೂವರೂ ನನ್ನ ಹಾಗೆ ಗರಡಿಯಿಂದ ಎದ್ದು ಬಂದು ಕೈಗೆ ಗವಸು ಹಾಕಿಕೊಂಡವರು. ಗಂಟೆ ಬಾರಿಸಿದ ಕೂಡಲೇ ಅವರು ನುಗ್ಗುತ್ತಿದ್ದರು, ನಾನೂ ನುಗ್ಗುತ್ತಿದ್ದೆ, ಯಾರ ಮೈ ಭಾರವೋ ಅವನು ಗೆಲ್ಲುತ್ತಿದ್ದ. ನಮ್ಮ ಕಡೆ ಜನ ಅದಕ್ಕೆ ಬಾಕ್ಸಿಂಗ್ ಎನ್ನುತ್ತಿರಲಿಲ್ಲ, ಗುದ್ದಿನ ಕುಸ್ತಿ ಎನ್ನುತ್ತಿದ್ದರು. ನಾವು ಆಡುತ್ತಿದ್ದ ಆಟಕ್ಕೆ ಆ ಹೆಸರೇ ಸರಿಯಾಗಿತ್ತು.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ಆಲಮಟ್ಟಿಯಲ್ಲಿ ಅಣೆಕಟ್ಟಿನ ಕೆಲಸ ನಡೆದಿತ್ತು. ಬಂಡೆಗೆ ತೂತು ಕೊರೆಯುವ ಯಂತ್ರಗಳಿಗೆ ಗಾಳಿ ಒದಗಿಸುವ ಕಂಪ್ರೆಸರ್ ನಡೆಸುವುದು ನನ್ನ ಕೆಲಸ. ಇಂಗಳೇಶ್ವರದಿಂದ ಬಂದು ಹೆಂಡತಿಯೊಡನೆ ಕ್ಯಾಂಪಿನ ತಗಡಿನ ಮನೆಯಲ್ಲಿ ಸಂಸಾರ ಹೂಡಿದ್ದೆ. ಬಂಡೆ ಸಿಡಿಸುವ ಮದ್ದನ್ನು ಇಡುವ ಉಗ್ರಾಣಕ್ಕೆ ಕಾವಲಿನ ಮುಖ್ಯಸ್ಥರಾಗಿ ಒಬ್ಬ ನಿವೃತ್ತ ಹವಾಲ್ದಾರರಿದ್ದರು. ಸಿಂದಗಿ ಕಡೆಯ ಮುಸಲ್ಮಾನರು, ಪಲ್ಟನಿನಲ್ಲಿದ್ದಾಗ ವರ್ಷಗಟ್ಟಲೆ ಬಾಕ್ಸಿಂಗ್ ಆಡಿದವರು. ಮೂಗು ಎರಡು ಕಡೆ ಮುರಿದಿತ್ತು, ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ. ಕ್ಯಾಂಪಿನ ದೊಡ್ಡ ಸಾಹೇಬರನ್ನು ಕೇಳಿಕೊಂಡು, ಕ್ರೇನ್ ದುರಸ್ತಿಗೆಂದು ಕಟ್ಟಿ ಖಾಲಿ ಬಿಟ್ಟಿದ್ದ ಒಂದು ಶೆಡ್ಡನ್ನು ಅವರು ಪಡೆದಿದ್ದರು. ಗೋಣಿಚೀಲಕ್ಕೆ ಕಟ್ಟಿಗೆಯ ಹೊಟ್ಟು, ನಡುವೆ ಒಂದಿಷ್ಟು ಉಸುಕು ತುಂಬಿ, ಹೊರಗಿನಿಂದ ಲಾರಿ ಮುಚ್ಚುವ ಹಳೆ ತಾಡಪತ್ರಿ ಹೊಲಿದು ತೊಲೆಗೆ ನೇತು ಹಾಕಿದ್ದರು. ಪಾಳಿ ಮುಗಿಸಿ ನಾವು ಮೂರು ಜನ ಕೆಲಸಗಾರರು ಅಲ್ಲಿಗೆ ಹೋಗುತ್ತಿದ್ದೆವು.

ಹವಾಲ್ದಾರರು ನನಗೆ ಮೊದಲ ದಿನದಿಂದ ಹೇಳುತ್ತಿದ್ದುದು ಒಂದೇ ಮಾತು.

“ಹಿಡಿಯಾಕ ಹೋಗಬ್ಯಾಡೋ. ಇದು ಹಿಡಿಯೂ ಆಟ ಅಲ್ಲ.”

ತಿಳಿಯುತ್ತಿತ್ತು, ಆದರೆ ಮೈ ಕೇಳುತ್ತಿರಲಿಲ್ಲ. ಕುಸ್ತಿಯವನು ಪಾದವನ್ನು ನೆಲಕ್ಕೆ ಊರಿ, ತಲೆ ಮುಂದೆ ಮಾಡಿ ನಿಲ್ಲುತ್ತಾನೆ. ಎದುರಾಳಿ ಹತ್ತಿರ ಬಂದರೆ ಅವನ ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಬಾಕ್ಸಿಂಗಿನಲ್ಲಿ ಇದೆಲ್ಲವೂ ತಪ್ಪು. ಗೆಲ್ಲುತ್ತಾ ಇದ್ದದ್ದರಿಂದ ತಪ್ಪು ತಿದ್ದಿಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ಇಂಡಿಯಲ್ಲಿ ನನಗೆ ಗಂಟು ಹಾಕಿದ್ದು ಸೊಲ್ಲಾಪುರದ ಬಟ್ಟೆ ಗಿರಣಿಯೊಂದರಿಂದ ಬಂದಿದ್ದ ಆಟಗಾರನನ್ನು. ಅವರ ತಂಡದವರು ಅವನನ್ನು ಉಸ್ತಾದ್ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷವಾದರೂ ದೊಡ್ಡವನು. ಮುಂದಲೆಯ ಕೂದಲು ಹಿಂದೆ ಸರಿದಿತ್ತು, ಕಾಲುಗಳು ತೆಳ್ಳಗಿದ್ದವು. ಶಾಲೆಯ ಬಯಲಿನಲ್ಲಿ ಹಲಗೆ ಜೋಡಿಸಿ, ಹಗ್ಗ ಕಟ್ಟಿ ಕಣ ಮಾಡಿದ್ದರು. ನಿಂಬೆಹಣ್ಣು ತುಂಬಿದ ಗಾಡಿಗಳು ಬಯಲಿನ ಅಂಚಿಗೆ ನಿಂತಿದ್ದವು, ಗಾಡಿಯವರು ಮೂಟೆಗಳ ಮೇಲೆಯೇ ಕೂತು ನೋಡುತ್ತಿದ್ದರು. ನಾನು ಅಂಗಿ ತೆಗೆದಾಗ ಶಿಳ್ಳೆ ಬಿದ್ದವು. ಅವನು ತೆಗೆದಾಗ ಯಾರೋ ನಕ್ಕರು. ನನಗೂ ನಗು ಬಂತು.

ಗಂಟೆಯಾಯಿತು. ತಲೆ ತಗ್ಗಿಸಿ ನುಗ್ಗಿದೆ. ಅವನು ಅಲ್ಲಿರಲಿಲ್ಲ. ಎಡಗೈಯ ಒಂದು ನೇರ ಏಟು ಮೂಗಿನ ಮೇಲೆ ಬಿತ್ತು. ಜೋರಾದದ್ದಲ್ಲ, ಬಾಗಿಲು ಬಡಿದಷ್ಟು. ಮತ್ತೆ ನುಗ್ಗಿದೆ, ಮತ್ತೆ ಅದೇ. ಕಣ್ಣಲ್ಲಿ ನೀರು ತುಂಬಿತು. ಸಿಟ್ಟಿನಲ್ಲಿ ಅವನ ತೋಳನ್ನು ಕಂಕುಳಲ್ಲಿ ಒತ್ತಿ ಹಿಡಿದೆ. ರೆಫರಿ ಬಿಡಿಸಿ ತಾಕೀತು ಮಾಡಿದ. ಇನ್ನೊಮ್ಮೆ ಹಿಡಿದೆ, ಇನ್ನೊಮ್ಮೆ ತಾಕೀತು. ಆ ಕಾಲದಲ್ಲಿ ತಲೆಗೆ ಕವಚ ಇರುತ್ತಿರಲಿಲ್ಲ. ಗವಸುಗಳು ಹಳೆಯವು, ಒಳಗಿನ ಕುದುರೆಗೂದಲು ಮುದ್ದೆಗಟ್ಟಿ ಗಟ್ಟಿಯಾಗಿತ್ತು. ಮೊದಲ ಸುತ್ತು ಮುಗಿಯುವಾಗ ನನ್ನ ಬಲ ಹುಬ್ಬು ಒಡೆದು ರಕ್ತ ಕಣ್ಣಿಗೆ ಇಳಿಯುತ್ತಿತ್ತು.

ಎರಡನೇ ಸುತ್ತಿನಲ್ಲಿ ಅವನು ಹೊಟ್ಟೆಗೆ ಇಳಿದ. ನಾನು ಬಲಗೈ ಬೀಸಿ ಪಕ್ಕೆ ತೆರೆದಾಗ ಅವನ ಎಡಗೈ ಬಲಪಕ್ಕೆಲುಬಿನ ಕೆಳಗೆ ಹೊಕ್ಕಿತು. ನೋವು ತಕ್ಷಣ ಬರಲಿಲ್ಲ. ಏನೂ ಆಗಲಿಲ್ಲ ಎಂದೇ ಒಂದು ಕ್ಷಣ ಅನಿಸಿತು. ಆಮೇಲೆ ಕಾಲುಗಳು ತಾವಾಗಿ ಮಡಚಿಕೊಂಡವು. ತಲೆಗೆ ಬಿದ್ದ ಏಟು ಮಂಕು ಕವಿಸುತ್ತದೆ, ಅದರಲ್ಲೊಂದು ಕರುಣೆ ಇದೆ. ಹೊಟ್ಟೆಯ ಏಟಿನಲ್ಲಿ ಅದಿಲ್ಲ. ಎಚ್ಚರ ಪೂರ್ತಿ ಇರುತ್ತದೆ, ಎಲ್ಲ ಕೇಳುತ್ತಿರುತ್ತದೆ, ಉಸಿರು ಮಾತ್ರ ಒಳಗೆ ಹೋಗುವುದಿಲ್ಲ. ಮಂಡಿಯೂರಿದ್ದ ನನಗೆ ರೆಫರಿಯ ಎಣಿಕೆ ಕೇಳುತ್ತಿತ್ತು, ನಿಂಬೆಯ ಮೂಟೆಗಳ ಮೇಲಿಂದ ಒಬ್ಬ “ಏಳಲೇ ಪೈಲವಾನಾ” ಎಂದು ಕೂಗಿದ್ದು ಕೇಳುತ್ತಿತ್ತು. ಹತ್ತು ಎಣಿಸುವುದರೊಳಗೆ ಏಳಬೇಕು, ಎಂಟಕ್ಕೆ ಎದ್ದೆ. ಅವನು ಬಂದ, ಅದೇ ಜಾಗಕ್ಕೆ ಹೊಡೆದ, ಮತ್ತೆ ಕೂತೆ. ಮತ್ತೆ ಎಂಟು. ಗಂಟೆ ಉಳಿಸಿತು.

ಮೂಲೆಯಲ್ಲಿ ಹವಾಲ್ದಾರರು ಹುಬ್ಬಿನ ಮೇಲೆ ಅರಿವೆ ಒತ್ತಿ ಹಿಡಿದರು.

“ಸಾಕು. ನಿಲ್ಲಸ್ತೇನಿ.”

“ಬ್ಯಾಡ್ರಿ.”

“ಗೆಲ್ಲೂದಂತೂ ಇಲ್ಲಿನ್ನ. ಯಾಕ ಸುಮ್ನ ಸಾಯ್ತಿ?”

“ನಿಲ್ಲಸಬ್ಯಾಡ್ರಿ. ಇಲ್ಲೇ ನಿಲ್ಲಿಸಿದ್ರ ನಾ ಮತ್ತ ಕಣಾ ಹತ್ತಂಗಿಲ್ಲ.”

ಅವರು ಹುಬ್ಬಿನಿಂದ ಅರಿವೆ ತೆಗೆದರು. ಆಮೇಲೆ ಕೇಳುವ ಕಿವಿಯನ್ನು ನನ್ನತ್ತ ತಿರುಗಿಸಿ, ಗುಟ್ಟು ಹೇಳುವಂತೆ ಹೇಳಿದರು.

“ಹಂಗಾದ್ರ ಕೇಳು. ಹೊಡಿಬ್ಯಾಡ. ಒಂದೂ ಹೊಡಿಬ್ಯಾಡ. ಕೈ ಮ್ಯಾಲಿಟ್ಕೊಂಡು ಅವನ್ನ ನೋಡು. ಬರೇ ನೋಡು.”

ಮೂರನೇ ಸುತ್ತಿಗೆ ಎದ್ದು ಹೋದೆ. ಗೆಲ್ಲಬೇಕೆಂಬುದು ಮನಸ್ಸಿನಿಂದ ಬಿದ್ದು ಹೋಗಿತ್ತು, ಅವಸರವೂ ಅದರ ಜೊತೆಗೇ ಹೋಗಿತ್ತು. ಮೊಣಕೈಗಳನ್ನು ಪಕ್ಕೆಗೆ ಅಂಟಿಸಿ, ಗವಸುಗಳ ನಡುವಿನ ಸಂದಿಯಿಂದ ಅವನನ್ನು ನೋಡಿದೆ. ಏಟು ಬೀಳುತ್ತಲೇ ಇದ್ದವು. ತೋಳಿಗೆ, ಹಣೆಗೆ, ಕಿವಿಗೆ. ಅವುಗಳ ನಡುವೆಯೇ ಅವನು ಮೊದಲ ಸಲ ನನಗೆ ಕಾಣತೊಡಗಿದ. ಎಡಗೈ ಹೊಟ್ಟೆಗೆ ಬರುವ ಮೊದಲು ಅವನ ಎಡ ಭುಜ ಒಂದಿಷ್ಟು ಇಳಿಯುತ್ತಿತ್ತು. ಅದನ್ನು ಕಂಡ ಮೇಲೆ ಮೊಣಕೈ ಇಳಿಸಿದೆ. ಏಟು ಮೂಳೆಗೆ ಬಿತ್ತು. ಇನ್ನೊಮ್ಮೆ ಇಳಿಯಿತು, ಇನ್ನೊಮ್ಮೆ ತಡೆದೆ. ಜನಕ್ಕೆ ಅದು ಕಾಣಲಿಲ್ಲ. ಅವರಿಗೆ ಕಂಡದ್ದು ಹಗ್ಗಕ್ಕೆ ಆತು ಹೊಡೆತ ತಿನ್ನುತ್ತಿದ್ದ ಒಬ್ಬ ಪೈಲವಾನ ಮಾತ್ರ.

ಇನ್ನೊಂದೂ ಕಂಡಿತು. ಪ್ರತಿ ಸಲ ಹೊಡೆದ ಮೇಲೆ ಅವನು ತನ್ನ ಎಡಕ್ಕೆ, ಎಂದರೆ ನನ್ನ ಬಲಗೈಯತ್ತ ಸರಿಯುತ್ತಿದ್ದ. ಎದುರಿನವನ ಜೋರು ಯಾವ ಕೈಯಲ್ಲಿದೆಯೋ ಆ ಕೈಗೆ ಹತ್ತಿರ ಹೋಗಬಾರದು, ದೂರ ಹೋಗಬೇಕು; ಇದು ಹವಾಲ್ದಾರರು ನಮಗೆ ಕಲಿಸಿದ ಮೊದಲ ಪಾಠ. ಇಷ್ಟು ಬಲ್ಲವನು ಅದನ್ನು ಯಾಕೆ ಮುರಿಯುತ್ತಾನೆ ಎಂದು ತಿಳಿಯಲಿಲ್ಲ. ತಿಳಿಯುವಷ್ಟು ತಲೆ ಆಗ ಸ್ವಸ್ಥವಾಗಿಯೂ ಇರಲಿಲ್ಲ. ಕೊನೆಯ ಗಂಟೆಯಾದಾಗ ನಿಂತಿದ್ದೆ. ತೀರ್ಪುಗಾರರೆಲ್ಲರೂ ಅವನಿಗೇ ಕೊಟ್ಟರು.

ಇಂಡಿಯಿಂದ ಟೆಂಪೊ ಹಿಡಿದು ರೈಲು ನಿಲ್ದಾಣಕ್ಕೆ ಬಂದೆವು. ಅಲ್ಲಿ ಮೂತ್ರಕ್ಕೆ ಹೋದಾಗ ರಕ್ತ ಬಂತು. ಹವಾಲ್ದಾರರಿಗೆ ಹೇಳಿದೆ. ಅವರು ತಲೆಯಾಡಿಸಿ, ಒಂದು ತಂಬಿಗೆ ನೀರು ತಂದು ಪೂರ್ತಿ ಕುಡಿಸಿದರು. ಮೀಟರ್ ಗೇಜಿನ ಆ ರೈಲು ಅಲುಗಾಡಿದಾಗಲೆಲ್ಲ ಪಕ್ಕೆಯಲ್ಲಿ ಯಾರೋ ಮೊಳೆ ತಿರುವಿದಂತಾಗುತ್ತಿತ್ತು.

ಹೆಂಡತಿ ಬಾಗಿಲು ತೆರೆದು, ನನ್ನನ್ನು ನೋಡಿ, ಬಾಗಿಲಲ್ಲೇ ನಿಂತಳು.

“ಯಾರ್ ಬೇಕಾಗಿತ್ತ್ರಿ?” ಎಂದಳು.

ಚೇಷ್ಟೆ ಎಂದುಕೊಂಡೆ. ಅಲ್ಲ. ಊದಿದ ಮುಖ ಅವಳಿಗೆ ನಿಜಕ್ಕೂ ಗುರುತು ಸಿಕ್ಕಿರಲಿಲ್ಲ. ನಾನು ಹೆಸರು ಹಿಡಿದು ಕರೆದಾಗ ಅವಳು ಅಲ್ಲೇ ಕುಸಿದು ಕೂತಳು. ಆಮೇಲೆ ರೊಟ್ಟಿ ಸುಡುವ ಹಂಚಿನ ಮೇಲೆ ಉಪ್ಪು ಬಿಸಿ ಮಾಡಿ, ಅರಿವೆಯಲ್ಲಿ ಕಟ್ಟಿ ಕಾವು ಕೊಟ್ಟಳು. ಮುಗಿದ ಮೇಲೆ ಹೇಳಿದಳು, “ಕಂಪ್ರೆಸರ್ ಕೈ ಮುರದ್ರೂ ತಿಳೀತಿತ್ತು ನಂಗ, ಕೆಲಸ ಅಂತ. ಇದು ಯಾರ ಸಲುವಾಗಿ?”

ನಾನು ಗೋಡೆಯ ಕಡೆಗೆ ಮಗ್ಗುಲಾದೆ.

ಮುಂದಿನ ವಾರಗಳು ಸೋತದ್ದಕ್ಕಿಂತ ಕೆಟ್ಟದಾಗಿದ್ದವು. ಕಂಪ್ರೆಸರಿನ ಸದ್ದು ತಲೆಯೊಳಗೆ ಹೊಕ್ಕು ಕೂರುತ್ತಿತ್ತು. ಗಾಳಿಯ ಕೊಳವೆ ಜೋಡಿಸುವಾಗ ಅದು ಸುಮ್ಮನೆ ಅದುರಿದರೂ ನಾನು ಕಣ್ಣು ಮುಚ್ಚಿ ಹಿಂದೆ ಸರಿಯುತ್ತಿದ್ದೆ. ಬಂಡೆ ಕೊರೆಯುವವರು ಅದನ್ನು ನೋಡಿಬಿಟ್ಟರು. ಊಟದ ಹೊತ್ತಿನಲ್ಲಿ ಒಬ್ಬ ನನ್ನ ಮುಖದ ಮುಂದೆ ಕೈ ಬೀಸಿದ, ಹೊಡೆಯಲಿಕ್ಕಲ್ಲ, ತಮಾಷೆಗೆ. ನಾನು ಮುಖ ಮುಚ್ಚಿಕೊಂಡೆ. ಎಲ್ಲರೂ ನಕ್ಕರು. ರೊಟ್ಟಿ ಬಿಟ್ಟು ಎದ್ದು ಹೋಗಿ ಗುಡ್ಡೆ ಹಾಕಿದ ಕಲ್ಲುಗಳ ಹಿಂದೆ ಕೂತೆ. ಏಟಿಗೆ ಹೆದರುವುದು ಎಂದರೇನೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ನನ್ನ ಹಿಂದಿನ ಧೈರ್ಯವೆಲ್ಲ ಬರೀ ಗೊತ್ತಿಲ್ಲದಿರುವಿಕೆ.

ಶೆಡ್ಡಿಗೆ ಬರುತ್ತಿದ್ದ ಇನ್ನಿಬ್ಬರು ನನ್ನ ಮುಖ ನೋಡಿದ ಮೇಲೆ ಬರುವುದು ಬಿಟ್ಟರು. ಸಾಹೇಬರು ಹವಾಲ್ದಾರರನ್ನು ಕರೆದು, ಸಿಮೆಂಟ್ ಇಡಲು ಜಾಗ ಸಾಲುತ್ತಿಲ್ಲ, ಒಬ್ಬನಿಗಾಗಿ ಶೆಡ್ಡು ಬಿಡಲಾಗದು ಎಂದರು. ಮುದ್ದೇಬಿಹಾಳದಲ್ಲಿ ಯುವಕರ ಸಂಘವೊಂದು ಪಂದ್ಯ ಏರ್ಪಡಿಸುವುದಿತ್ತು. ಅಲ್ಲಿಯವರೆಗೆ ಇರಲಿ, ಅಲ್ಲಿ ಕ್ಯಾಂಪಿನ ಹೆಸರು ಉಳಿದರೆ ಮುಂದೆ ನೋಡೋಣ ಎಂದು ಹವಾಲ್ದಾರರು ಗೋಗರೆದು ಬಂದರು. ಅಲ್ಲಿ ನನ್ನ ಎದುರಿಗೆ ಬರುವವನು ಅದೇ ಸೊಲ್ಲಾಪುರದವನು.

“ಬರ್ತೀಯೋ ಇಲ್ಲೋ ಹೇಳಿಬಿಡು,” ಎಂದರು ನನ್ನ ಮನೆಗೆ ಬಂದು. “ಬರಂಗಿಲ್ಲಂದ್ರ ನಾ ಬ್ಯಾಸರ ಮಾಡ್ಕೊಳ್ಳಂಗಿಲ್ಲ.”

ಹೆಂಡತಿ ಒಲೆಯ ಮುಂದೆ ಕೂತಿದ್ದಳು, ತಿರುಗಿ ನೋಡಲಿಲ್ಲ.

“ಹೊಡತಾ ಬಂದಾಗ ಕಣ್ ಮುಚ್ಚತಾವ್ರಿ,” ಎಂದೆ.

“ನನಗೂ ಮುಚ್ಚತಿದ್ದುವು. ಅದಕ್ಕ ಔಷಧ ಐತಿ. ಛಲೋ ಔಷಧ ಅಲ್ಲ.”

ಔಷಧ ಹೀಗಿತ್ತು. ಎರಡೂ ಪಾದಗಳಿಗೆ ಒಂದು ಗಿಡ್ಡ ಹಗ್ಗ ಕಟ್ಟಿದರು, ಕಾಲು ಅಗಲಿಸಿ ಕುಸ್ತಿಯವನ ಹಾಗೆ ಊರಲು ಆಗದಂತೆ. ಶೆಡ್ಡಿನ ಮೂಲೆಯ ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿಸಿದರು. ತಾವು ಗವಸು ಹಾಕಿ ಎದುರು ನಿಂತರು. ನಾನು ಹೊಡೆಯುವ ಹಾಗಿಲ್ಲ, ಓಡುವ ಹಾಗಿಲ್ಲ. ಬರುವ ಏಟನ್ನು ಹೆಸರು ಹಿಡಿದು ಕೂಗಬೇಕು. ಎಡ ಎಂದರೆ ಎಡ, ಬಲ ಎಂದರೆ ಬಲ, ಹೊಟ್ಟೆ ಎಂದರೆ ಹೊಟ್ಟೆ. ಕೂಗುವುದು ತಡವಾದರೆ ಏಟು ಬಿದ್ದೇ ಬೀಳುತ್ತಿತ್ತು. ಮೊದಮೊದಲು ಎಲ್ಲವೂ ತಡವಾದವು. ಅವರಿಗೆ ಐವತ್ತು ದಾಟಿತ್ತು, ಆದರೂ ಅವರ ಕೈ ಹಗುರಾಗಲಿಲ್ಲ.

ಒಂದು ಸಂಜೆ ಹೆಂಡತಿ ಬುತ್ತಿ ಹಿಡಿದು ಶೆಡ್ಡಿಗೇ ಬಂದಳು. ಬಾಗಿಲಲ್ಲಿ ನಿಂತು ಸ್ವಲ್ಪ ನೋಡಿದಳು.

“ನೀವು ಇವರನ್ನ ಕಲಸಾಕತ್ತೀರೋ, ಕೊಲ್ಲಾಕತ್ತೀರೋ?”

ಹವಾಲ್ದಾರರು ಅಂಗಿಯ ತೋಳಿನಿಂದ ಬೆವರು ಒರೆಸಿಕೊಂಡರು. “ಹೊಡತಾ ತಿನ್ನೂದು ಕಲಸಾಕತ್ತೇನಿ ತಂಗಿ. ಹೊಡಿಯೂದು ಆಮ್ಯಾಲ.”

“ತಿಂದಾರಲ್ರಿ ಇಂಡ್ಯಾಗ. ಹೊಟ್ಟಿ ತುಂಬ ತಿಂದಾರ.”

“ಅಲ್ಲಿ ತಿಂದಿದ್ದು ಅರಗಿಲ್ಲವ್ವ ಇನ್ನಾ.”

ಅವಳು ಬುತ್ತಿ ಇಟ್ಟು ಹೋದಳು. ಆಮೇಲೆ ಶೆಡ್ಡಿಗೆ ಬರಲಿಲ್ಲ, ನನ್ನನ್ನು ಹೋಗಬೇಡ ಎಂದೂ ಹೇಳಲಿಲ್ಲ.

ಯಾವ ದಿನ ಬದಲಾಯಿತೆಂದು ಹೇಳಲಾರೆ. ಒಂದು ದಿನ ಹವಾಲ್ದಾರರ ಬಲಗೈ ಬರುತ್ತಿತ್ತು, ನಾನು “ಬಲ” ಎಂದು ಕೂಗಿ ತಲೆ ಸರಿಸಿದೆ, ಗವಸು ಕಿವಿಯ ಪಕ್ಕದಿಂದ ಹಾದು ಕಂಬಕ್ಕೆ ಬಡಿಯಿತು. ಆಗ ಅರಿವಾಯಿತು, ಅದು ಹೊರಟಾಗಿನಿಂದ ಮುಟ್ಟುವವರೆಗೆ ನನ್ನ ಕಣ್ಣು ತೆರೆದೇ ಇದ್ದವು. ಇಂಡಿಯ ಕೊನೆಯ ಸುತ್ತಿನಲ್ಲಿಯೂ ಹಾಗೇ ಇದ್ದವಲ್ಲ ಎಂದು ನೆನಪಾಯಿತು. ಅಷ್ಟು ದಿನ ನಾನು ಆ ಪಂದ್ಯದ ಎರಡನೇ ಸುತ್ತನ್ನು ಮಾತ್ರ ಮತ್ತೆ ಮತ್ತೆ ನೆನೆಯುತ್ತಿದ್ದೆ, ಮಂಡಿಯೂರಿ ಕೂತದ್ದನ್ನು. ಅದರ ಮುಂದಿನದನ್ನು ಮರೆತೇ ಬಿಟ್ಟಿದ್ದೆ. ಅದಕ್ಕಿಂತ ಹೆಚ್ಚು ಹೊಡೆತ ನನಗೆ ಯಾರೂ ಹೊಡೆಯಲಾರರು, ಅದರಲ್ಲಿಯೂ ನಿಂತಿದ್ದೆ, ನಿಂತು ನೋಡಿದ್ದೆ. ಈ ಯೋಚನೆ ನೆಮ್ಮದಿ ಕೊಡಲಿಲ್ಲ. ಆದರೆ ಹಿಂದೆ ಸರಿದರೆ ಬೆನ್ನಿಗೊಂದು ಗೋಡೆ ಸಿಕ್ಕ ಹಾಗಾಯಿತು.

ಮುದ್ದೇಬಿಹಾಳದಲ್ಲಿ ಪಂದ್ಯ ಮಧ್ಯಾಹ್ನ ಇಳಿದ ಮೇಲೆ ಇತ್ತು. ಕಣಕ್ಕೆ ಬೇಕಾದ ಹಲಗೆ, ತಾಡಪತ್ರಿ ಎಲ್ಲ ಕ್ಯಾಂಪಿನ ಲಾರಿಯಲ್ಲೇ ಹೋದವು. ಹಿಂದೆ ನಕ್ಕಿದ್ದ ಕೊರೆಯುವವರೂ ಲಾರಿ ಹತ್ತಿದ್ದರು. ಊರಿನ ಡಾಕ್ಟರೊಬ್ಬರು ಇಬ್ಬರ ನಾಡಿ ಹಿಡಿದು, ಎದೆ ನೋಡಿ, ಬೆರಳು ತೋರಿಸಿ ಎಷ್ಟು ಎಂದು ಕೇಳಿ ಹೂಂ ಎಂದರು. ಸೊಲ್ಲಾಪುರದವನು ನನ್ನ ಹುಬ್ಬಿನ ಗಾಯದ ಕಲೆ ನೋಡಿ, “ಮಾಯೇತಲ್ಲ, ಛಲೋ ಆತು,” ಎಂದ. ಮಾತಿನಲ್ಲಿ ಕುಹಕ ಇರಲಿಲ್ಲ. ಅವನು ಮೊದಲಿಗಿಂತ ಬಡವಾಗಿದ್ದ.

ಗಂಟೆಯಾದಾಗ ನಾನು ನುಗ್ಗಲಿಲ್ಲ. ಪಾದದ ಮುಂಭಾಗದ ಮೇಲೆ ನಿಂತು ಕಾದೆ. ಅವನ ಎಡಗೈ ಬಂತು, ತಲೆ ಸರಿಸಿದೆ. ಭುಜ ಇಳಿಯಿತು, ಮೊಣಕೈ ಇಳಿಸಿದೆ. ಅವನು ಒಂದು ಹೆಜ್ಜೆ ಹಿಂದೆ ಹೋಗಿ ನನ್ನನ್ನು ಬೇರೆ ಥರ ನೋಡಿದ. ಆಮೇಲೆ ಮತ್ತೆ ಅದೇ, ನನ್ನ ಬಲಗೈಯ ಕಡೆಗೆ ಸರಿಯುವುದು. ಮುಖವನ್ನು ಕೊಂಚ ಎಡಕ್ಕೆ ತಿರುಗಿಸಿ, ಬಲಗಣ್ಣು ಮುಂದೆ ಮಾಡಿ.

ಸುಮ್ಮನೆ ಪರೀಕ್ಷೆಗೆಂದು ಎಡಗೈಯಿಂದ ಹೊಡೆಯುವ ಹಾಗೆ ಮಾಡಿ ನಿಲ್ಲಿಸಿದೆ. ಅವನ ರೆಪ್ಪೆ ಅಲುಗಿತು, ಕೈ ಮೇಲೆ ಬಂತು. ಬಲಗೈಯಿಂದ ಹಾಗೇ ಮಾಡಿದೆ. ಏನೂ ಆಗಲಿಲ್ಲ. ಗವಸು ಅವನ ಕೆನ್ನೆಗೆ ಒಂದು ಗೇಣು ದೂರ ಹೋಗಿ ನಿಂತಿತ್ತು, ಅವನು ನನ್ನನ್ನೇ ನೋಡುತ್ತಿದ್ದ, ಕೈ ಮೇಲೆ ಬರಲಿಲ್ಲ. ಇನ್ನೊಮ್ಮೆ ಮಾಡಿದೆ. ಇನ್ನೊಮ್ಮೆಯೂ ಇಲ್ಲ.

ಅವನ ಎಡಗಣ್ಣು ಕಾಣುತ್ತಿರಲಿಲ್ಲ. ನನ್ನನ್ನು ಕಾಣುವ ಕಣ್ಣಿನ ಬದಿಗೆ ಇಟ್ಟುಕೊಳ್ಳಲಿಕ್ಕೆಂದೇ ಅವನು ಅತ್ತ ಸರಿಯುತ್ತಿದ್ದ. ಇಂಡಿಯಲ್ಲಿ ನನ್ನನ್ನು ಅಷ್ಟು ಬಡಿದದ್ದೂ ಒಂದೇ ಕಣ್ಣಿನಲ್ಲಿ.

ಸುತ್ತು ಮುಗಿದು ಮೂಲೆಗೆ ಬಂದು ಹವಾಲ್ದಾರರ ಕಿವಿಗೆ ಹೇಳಿದೆ. ಅವರು ಅವನತ್ತ ನೋಡಿದರು.

“ಹೌದಲೇ,” ಎಂದರು. “ಆವತ್ತ ನನಗ ತಿಳಿಬೇಕಾಗಿತ್ತು.” ಕೂಡಲೇ ಅವರ ದನಿ ಬದಲಾಯಿತು. “ಮತ್ತ ಅಲ್ಲೇ ಹಾಕು. ಬಲಗೈ, ಮ್ಯಾಲಿಂದ. ಅಂವಗ ಬರೂದ ಕಾಣಂಗಿಲ್ಲ. ಎರಡ ಬಿದ್ರ ಮುಗೀತು.”

“ಕಣ್ಣಿಗೆ ಬ್ಯಾಡ್ರಿ. ಪಕ್ಕಡಿಗೆ ಹೊಡಿತೇನಿ.”

“ಪಕ್ಕಡ್ಯಾಗ ಅಂವ ಬೀಳಂಗಿಲ್ಲ. ಸೋಲ್ತಿ ನೀ.”

“ಸೋತು ನೋಡೇನಲ್ರಿ,” ಎಂದೆ.

ಮೊದಲೇ ಯೋಚಿಸಿ ಇಟ್ಟುಕೊಂಡ ಮಾತಲ್ಲ ಅದು. ಬಾಯಿಂದ ಬಂದ ಮೇಲೆ ನನಗೇ ಕೇಳಿಸಿತು. ಸೋಲಿಗೆ ಹೆದರುತ್ತಿದ್ದರೆ ನಾನು ಆ ಕಣ್ಣಿಗೇ ಹೊಡೆಯುತ್ತಿದ್ದೆ, ಅನುಮಾನವಿಲ್ಲ. ಶೆಡ್ಡು ಹೋಗುತ್ತದೆಂಬ ಹೆದರಿಕೆ ಇತ್ತು, ಕೊರೆಯುವವರು ಮತ್ತೆ ನಗುತ್ತಾರೆಂಬುದೂ ಇತ್ತು. ಅವು ನನ್ನನ್ನು ಕೊಲ್ಲಲಾರವು ಎಂದು ಈಗ ಗೊತ್ತಿತ್ತು. ಹವಾಲ್ದಾರರು ರಬ್ಬರಿನ ತುಂಡನ್ನು ನನ್ನ ಹಲ್ಲುಗಳ ನಡುವೆ ತುರುಕಿದರು.

ಎರಡನೇ ಸುತ್ತಿನಲ್ಲಿ, ಅವನು ನನ್ನ ಬಲಕ್ಕೆ ಸರಿದಾಗಲೆಲ್ಲ ಮಂಡಿ ಬಗ್ಗಿಸಿ ಬಲಗೈಯನ್ನು ಅವನ ಎಡಪಕ್ಕೆಗೆ ಇಳಿಸಿದೆ. ಅವನಿಗೆ ಅದು ಬರುವುದು ಕಾಣುತ್ತಿರಲಿಲ್ಲ. ಬಿದ್ದ ಮೇಲಷ್ಟೇ ತಿಳಿಯುತ್ತಿತ್ತು. ಒಂದು, ಇನ್ನೊಂದು, ಬಿಟ್ಟು ಮತ್ತೊಂದು. ಉಸಿರು ಅವನ ಬಾಯಿಂದ ಸದ್ದಾಗಿ ಹೊರಬರತೊಡಗಿತು. ಅವನೂ ಸುಮ್ಮನಿರಲಿಲ್ಲ. ನಾನು ಬಗ್ಗಿದಾಗ ಅವನ ಬಲಗೈ ಕೆಳಗಿನಿಂದ ಬಂದು ಗದ್ದಕ್ಕೆ ಹತ್ತಿತು, ಒಂದು ಹಲ್ಲು ಅಲುಗಿತು, ಬಯಲೆಲ್ಲ ಒಂದು ಬದಿಗೆ ವಾಲಿತು. ವಾಲಿದ ಬಯಲಿನಲ್ಲಿ ಅವನನ್ನೇ ನೋಡುತ್ತಾ ನಿಂತೆ. ಅದು ಮತ್ತೆ ನೆಟ್ಟಗಾಯಿತು.

ಮೂರನೇ ಸುತ್ತಿನಲ್ಲಿ ಅವನ ಕಾಲು ಸೋತವು. ಎಡಪಕ್ಕೆ ಕಾಯಲು ಅವನು ಎಡಗೈ ಇಳಿಸಿದ. ಆಗ ಮುಖದ ಆ ಬದಿ ಪೂರ್ತಿ ಬಯಲಾಯಿತು. ಅಲ್ಲಿ ಗವಸೂ ಇರಲಿಲ್ಲ, ನೋಟವೂ ಇರಲಿಲ್ಲ. ಹವಾಲ್ದಾರರು ಮೂಲೆಯಿಂದ ಕೂಗಿದ್ದು ಕೇಳಿತು. ನನ್ನ ಬಲ ಭುಜವೂ ಅತ್ತ ಏಳಲು ನೋಡಿತು. ಕೈಯನ್ನು ಎಳೆದು ಕೆಳಗೇ ಹೊಡೆದೆ, ಅವನ ಮೊಣಕೈಯ ಮೇಲೆಯೇ. ಅವನು ಮಂಡಿಯೂರಿದ. ಎಂಟಕ್ಕೆ ಎದ್ದ. ಗಂಟೆಯವರೆಗೆ ನಿಂತ. ತೀರ್ಪು ಒಡೆಯಿತು, ಹೆಚ್ಚಿನವರು ನನಗೆ ಕೊಟ್ಟರು. ಕ್ಯಾಂಪಿನವರು ಕಣಕ್ಕೆ ನುಗ್ಗಿ ನನ್ನನ್ನು ಎತ್ತಿದರು. ಹವಾಲ್ದಾರರು ಅಳುತ್ತಿದ್ದರು.

ಬಟ್ಟೆ ಬದಲಿಸಲು ಶಾಲೆಯ ಒಂದು ಖೋಲಿ ಕೊಟ್ಟಿದ್ದರು. ಅಲ್ಲಿ ಅವನೊಬ್ಬನೇ ಬೆಂಚಿನ ಮೇಲೆ ಕೂತಿದ್ದ. ನಾನು ಒಳಗೆ ಬಂದದ್ದನ್ನು ತಲೆ ತಿರುಗಿಸಿ ನೋಡಿದ.

“ಗೊತ್ತಾತಲ್ಲ ನಿನಗ?”

“ಹೌದ್ರಿ.”

“ಯಾಕ ಹೊಡಿಲಿಲ್ಲ?”

“ಬ್ಯಾಡ ಅನಿಸ್ತ್ರಿ. ಎಷ್ಟ ದಿನದಿಂದ ಐತಿ?”

“ಆತು, ಎರಡ ವರ್ಷ. ಒಮ್ಮೆಲೆ ಒಂದ ಕರೇ ಪರದೆ ಬಿದ್ದಂಗಾತು.” ಕೈಗೆ ಸುತ್ತಿದ ಪಟ್ಟಿ ಬಿಚ್ಚುತ್ತಾ ಹೇಳಿದ, “ಯಾರ ಮುಂದೂ ಬಾಯಿ ಬಿಡಬ್ಯಾಡ. ಗಿರಣ್ಯಾಗ ನನ್ನ ಆಟಗಾರ ಅಂತ ಇಟ್ಕೊಂಡಾರ. ಮಗ್ಗದ ಮುಂದ ನಿಂತ್ರ ಈ ಕಣ್ಣಿಗೆ ನೂಲು ಕಾಣಂಗಿಲ್ಲ. ಮುಂದಿನ ತಿಂಗಳ ಬೆಳಗಾವ್ಯಾಗ ಮಿಲಿಟ್ರಿಯವನ ಕೂಡ ಪಂದ್ಯ ಐತಿ.”

“ಅಂವ ಹೊಡಿತಾನ್ರಿ. ನಾ ಬಿಟ್ಟೆ ಅಂತ ಅಂವ ಬಿಡಂಗಿಲ್ಲ.”

“ಅದು ನನ್ನ ಹಣೆಬರಹ. ನಿನಗೇನ ಅದರಾಗ?”

ಅವನು ನೀರಿನ ತಂಬಿಗೆಗೆ ಕೈ ಚಾಚಿದ. ತಂಬಿಗೆ ಅವನ ಎಡಕ್ಕಿತ್ತು. ಕೈ ತಗಲಿ ಉರುಳಿತು. ನೀರು ಹರಿದು ನನ್ನ ಪಾದದವರೆಗೆ ಬಂತು. ನಾವಿಬ್ಬರೂ ಅದನ್ನೇ ನೋಡಿದೆವು.

ಹೊರಗೆ ಡಾಕ್ಟರು ತಮ್ಮ ಚೀಲ ಕಟ್ಟುತ್ತಿದ್ದರು. ನಾನು ಬಾಗಿಲಲ್ಲಿ ನಿಂತೆ. ಒಂದು ಕಡೆ ಅವನ ಹೊಟ್ಟೆಪಾಡು, ಇನ್ನೊಂದು ಕಡೆ ಉಳಿದ ಕಣ್ಣು, ತಲೆ, ಜೀವ. ತೂಗಿ ನೋಡುವ ಹಕ್ಕು ನನಗಿತ್ತೇ ಎಂದು ಈಗಲೂ ತಿಳಿಯದು. ಕಣದಲ್ಲಿ ಪಕ್ಕೆಗೆ ಹೊಡೆಯಬಹುದಿತ್ತು, ನಡುವಿನ ದಾರಿ ಒಂದಿತ್ತು. ಇಲ್ಲಿ ಇರಲಿಲ್ಲ. ಹೋಗಿ ಹೇಳಿದೆ.

ಡಾಕ್ಟರು ಒಳಗೆ ಬಂದು, ಅವನ ಬಲಗಣ್ಣನ್ನು ತಮ್ಮ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈ ಅವನ ಮುಖದ ಮುಂದೆ ಹಿಡಿದರು.

“ಎಷ್ಟು ಬೆರಳು?”

ಅವನು ಕತ್ತು ಮುಂದೆ ಚಾಚಿದ.

“ಎರಡು,” ಎಂದ.

ಡಾಕ್ಟರು ಮುಷ್ಟಿ ಹಿಡಿದಿದ್ದರು.

ಅವರು ಅವನ ತಂಡದ ಮುಖಂಡನನ್ನು ಕರೆದು, ಇವನನ್ನು ಇನ್ನು ಕಣಕ್ಕೆ ಇಳಿಸಬೇಡಿ ಎಂದರು, ಕಾರಣ ಬಿಡಿಸಿ ಹೇಳಿದರು. ಹವಾಲ್ದಾರರಿಗೆ ವಿಷಯ ತಿಳಿದಾಗ ಅವರ ಮುಖ ಕಪ್ಪಿಟ್ಟಿತು. “ಕಣದಾಗಿನ ಮಾತು ಕಣದಾಗ ಇರಬೇಕು. ಇದೇನ ಮಾಡಿದಿ?” ಎಂದರು. ನಾನು ಅವರ ಕೇಳದ ಕಿವಿಯ ಬದಿಗೆ ನಿಂತಿದ್ದೆ. ಲಾರಿಯಲ್ಲಿ ಹುಡುಗರು ಹಾಡು ಹೇಳುತ್ತಾ ಬಂದರು, ಹವಾಲ್ದಾರರು ನನಗೆ ಬೆನ್ನು ಮಾಡಿ ಕೂತಿದ್ದರು. ಮನೆಯಲ್ಲಿ ಹೆಂಡತಿ ನನ್ನ ಗದ್ದವನ್ನು ಬೆಳಕಿಗೆ ತಿರುಗಿಸಿ ನೋಡಿ, “ಈ ಸಲ ಗುರ್ತ ಸಿಕ್ತೀರಿ,” ಎಂದಳು. ಗೆದ್ದದ್ದನ್ನು ಹೇಳಿದೆ. ಉಳಿದದ್ದನ್ನೂ ಹೇಳಿದೆ. ಅವಳು ಉಪ್ಪು ಬಿಸಿ ಮಾಡುತ್ತಾ, “ಅಂವಗ ಮಕ್ಕಳ ಅದಾವೇನು?” ಎಂದು ಕೇಳಿದಳು. ನಾನು ಕೇಳಿರಲಿಲ್ಲ.

ಸೊಲ್ಲಾಪುರದವರು ಮರುದಿನ ಬೆಳಿಗ್ಗೆ ಆಲಮಟ್ಟಿಯಲ್ಲಿ ರೈಲು ಹಿಡಿಯುವವರಿದ್ದರು. ಪಾಳಿಗೆ ಹೋಗುವ ಮೊದಲು ನಿಲ್ದಾಣಕ್ಕೆ ಹೋದೆ. ತಂಡದವರು ಚಹಾ ಕುಡಿಯುತ್ತಿದ್ದರು. ಅವನು ದೂರದ ಕಲ್ಲಿನ ಮೇಲೆ ಒಬ್ಬನೇ ಕೂತಿದ್ದ. ಎದುರಿಗೆ ಹೋಗಿ, ಅವನ ಬಲಗಣ್ಣಿಗೆ ಕಾಣುವ ಹಾಗೆ ನಿಂತೆ. ಏನು ಹೇಳಬೇಕೆಂದು ಯೋಚಿಸಿಕೊಂಡು ಹೋಗಿರಲಿಲ್ಲ.

“ನೀವು ಇಂಡ್ಯಾಗ ಹೊಡದದ್ದಕ್ಕ ನಾ ಕಲತೇನ್ರಿ,” ಎಂದೆ.

ಅವನು ನನ್ನನ್ನು ನೋಡಿದ. ಸಿಟ್ಟು ಇರಲಿಲ್ಲ, ಅದಕ್ಕಿಂತ ತಣ್ಣಗಿನದೇನೋ ಇತ್ತು.

“ನೀ ಆ ಕಣ್ಣಿಗೆ ಹೊಡದಿದ್ರ ನಾ ಮರೀತಿದ್ದೆ,” ಎಂದ. “ಆಟದಾಗ ಹೊಡದಾ ಅಂತ ಮರೀತಿದ್ದೆ. ಹೇಳಿದ್ದು ಮರಿಯಂಗಿಲ್ಲ.”

ರೈಲು ಬಂತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಪ್ಲಾಟ್‌ಫಾರ್ಮಿನಲ್ಲಿ ಅವನ ಎಡಕ್ಕೆ ನಿಂತಿದ್ದೆ. ಗಾಡಿ ಚಲಿಸಿದಾಗ ಕೈ ಎತ್ತಿದೆ. ಅವನು ತಿರುಗಲಿಲ್ಲ. ಕಾಣಲಿಲ್ಲವೋ, ಕಂಡರೂ ಬೇಡವಾಯಿತೋ, ಅದು ನನಗೆ ತಿಳಿಯುವ ಹಾಗಿರಲಿಲ್ಲ. ಹೊಳೆಯ ದಂಡೆಯಲ್ಲಿ ಪಾಳಿಯ ಭೋಂಗಾ ಕೂಗಿತು. ಹೋಗಿ ಕಂಪ್ರೆಸರ್ ಚಾಲೂ ಮಾಡಿದೆ.